ಟ್ರಾಲಿಯ ಎರಡು ಹಿಡಿ

ಅಯ್ಯೋ, ಹಾಗಲ್ಲ ಕಣೇ! ಎಳೆಯೋದಲ್ಲ, ಒತ್ತೋದು. ಎಳೆದರೆ ಸೊಂಟ ಹೋಗುತ್ತೆ. ಮೇಲೆ ಬರೋವಾಗ ಅದು ತಾನಾಗೇ ಬರುತ್ತೆ, ನೀನು ಬರೀ ಕೈ ಜೊತೆಗೆ ಕಳಿಸಿದರೆ ಆಯ್ತು. ಕೆಳಗೆ ಹೋಗೋವಾಗ ಮೈಭಾರ ಹಾಕು. ಹಾಂ... ಹಾಂ... ಈಗ ಬಂದೆ ನೋಡು ದಾರಿಗೆ! ಅಲ್ಲ, ನಗ್ತೀಯಾ ಯಾಕೆ? ಅರವತ್ತು ದಾಟಿದ ಅಣ್ಣ, ಐವತ್ತೈದು ದಾಟಿದ ತಂಗಿ, ಮಟಮಟ ಮಧ್ಯಾಹ್ನ ಅಡುಗೆಮನೇಲಿ ಕೂತು ಮಕ್ಕಳ ಥರ ಹಲಗೆ ಆಡಿಸ್ತಿದ್ದಾರೆ ಅಂತ ತಾನೆ? ನಗು, ನಗು. ನೀನು ನಕ್ಕು ಎಷ್ಟು ಕಾಲ ಆಯ್ತು. ಆದರೆ ಕೇಳಿದ್ದು ನೀನೇ, ನೆನಪಿರಲಿ! ನಿನ್ನ ಗಂಡ ಹೋದ ಈ ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನ ನೀನು ಬಾಯಿಬಿಟ್ಟು ಕೇಳಿರಲಿಲ್ಲ, 'ಅಣ್ಣ, ಆ ಟ್ರಾಲಿ ಹೇಗೆ ಓಡ್ತಿತ್ತು' ಅಂತ. ಇವತ್ತು ಈ ಎರಡು ಹಿಡಿ ತಂದು ಮೇಜಿನ ಮೇಲೆ ಇಟ್ಟಿದ್ದೇ ತಡ, ಕೇಳಿಬಿಟ್ಟೆ.

ತರಬಾರದು ಅಂತಲೇ ಇದ್ದೆ ಕಣೇ. ನಿನ್ನ ಗಂಡನ ವಿಷಯ ಎತ್ತಿದರೆ ನಿನ್ನ ಮುಖ ಹೇಗಾಗುತ್ತೆ ಅಂತ ನನಗೆ ಗೊತ್ತಿಲ್ವಾ? ಆದರೆ ಏನು ಮಾಡಲಿ, ನಮ್ಮ ರೈಲ್ವೆ ಡಿಪೋ ಮುಚ್ಚಿಬಿಟ್ಟರು. ಬೆಳಿಗ್ಗೆ ಹೋದರೆ ಅಂಗಳದಲ್ಲಿ ನಮ್ಮ ಟ್ರಾಲಿ ಅಂಗಾತ ಬಿದ್ದಿದೆ. ವೆಲ್ಡಿಂಗ್‌ನವನು ಗ್ಯಾಸ್ ಹಚ್ಚಿಕೊಂಡು ಚಕ್ರ ಕೊಯ್ತಾ ಇದಾನೆ. ಗುಜರಿಗೆ ಅಂತೆ. ಇಪ್ಪತ್ತಾರು ವರ್ಷ ನಾನು ನಿಂತ ಗಾಡಿ ಕಣೇ ಅದು! 'ಮಾರಾಯ, ಎರಡು ನಿಮಿಷ ತಡಿ, ಹಿಡಿ ಮಾತ್ರ ಬಿಚ್ಚಿಕೊಳ್ತೀನಿ' ಅಂದೆ. ಮರದ್ದು ತಾನೆ, ಅವನಿಗೇನು ಲಾಭ ಅದರಿಂದ? ಬಿಚ್ಚಿಕೋ ಅಂದ. ನಿನ್ನ ಕೈ ಕೆಳಗಿರೋದು ನಿನ್ನ ಗಂಡನದು. ಇದು ನನ್ನದು.

ಅಯ್ಯೋ, ಹಿಂಜರಿಬೇಡ. ಮರ ಕಣೇ, ಬರೀ ಮರ. ಗಟ್ಟಿಯಾಗಿ ಹಿಡ್ಕೋ. ಹಲಗೆ ತುದಿಗೆ ನಿನ್ನ ಬಟ್ಟೆ ಚೂರಲ್ಲೇ ಬಿಗಿದು ಕಟ್ಟಿದ್ದೀನಿ, ಬಿಚ್ಚೋಲ್ಲ.

ಹ್ಞೂಂ, ಈಗ ಕೇಳು. ಈ ಹಲಗೆ ಇದೆಯಲ್ಲ, ಇದೇ ತೊಲೆ ಅಂತಿಟ್ಕೋ. ಕೆಳಗಿರೋ ಲಟ್ಟಣಿಗೆ ನಡುವಿನ ಅಚ್ಚು. ಈ ಪೆಟ್ಟಿಗೆ ಟ್ರಾಲಿ. ಏನು? ಪೆಟ್ಟಿಗೆಗೇನೂ ಆಗಲ್ಲ ಸುಮ್ಮನಿರೇ, ಒಳಗೇನು ಗಾಜು ಇಟ್ಟಿದ್ದೀಯಾ? ...ಓ. ಅವನ ಫೋಟೋ ಇದರಲ್ಲೇ ಇದೆಯಾ. ಇರಲಿ, ತಳದಲ್ಲಿ ತಾನೆ, ಮೇಲೆ ಬಟ್ಟೆ ಇರುತ್ತೆ. ಒಡೆಯಲ್ಲ.

ನೀನು ಒತ್ತಿದರೆ ನನ್ನ ಕಡೆ ಮೇಲೆ, ನಾನು ಒತ್ತಿದರೆ ನಿನ್ನ ಕಡೆ ಮೇಲೆ. ತೊಲೆಯಿಂದ ಕೆಳಕ್ಕೆ ಒಂದು ಕಬ್ಬಿಣದ ಸರಳು, ಸರಳು ಹೋಗಿ ಒಂದು ದೊಡ್ಡ ಹಲ್ಲುಚಕ್ರ ತಿರುಗಿಸುತ್ತೆ, ಆ ಹಲ್ಲುಚಕ್ರ ಗಾಲಿ ಅಚ್ಚಿನ ಮೇಲಿರೋ ಚಿಕ್ಕದನ್ನು ತಿರುಗಿಸುತ್ತೆ, ಗಾಡಿ ಹೊರಟಿತು! ನಿನ್ನ ಹೊಲಿಗೆ ಮೆಷಿನ್ ಹಾಗೇ ಅನ್ನು. ಕಾಲು ಮೇಲೆ ಕೆಳಗೆ, ಚಕ್ರ ಗುಂಡಗೆ. ಅಷ್ಟೇ ವಿದ್ಯೆ. ಮೂವತ್ತು ವರ್ಷದಿಂದ ಮೆಷಿನ್ ತುಳಿಯೋಳು, ನಿನಗೆ ಬೇಗ ಅರ್ಥ ಆಗುತ್ತೆ. ನಮ್ಮ ಲೈನಿನ ಇನ್ಸ್‌ಪೆಕ್ಟರಿಗೆ ಅರ್ಥ ಮಾಡಿಸೋಕೆ ಅರ್ಧ ದಿನ ಹಿಡಿದಿತ್ತು, ಪೆದ್ದ! ಮೀಸೆ ಮಾತ್ರ ಹುಲಿ ಥರ.

ಈಗ ಮುಖ್ಯವಾದ್ದು. ಮೆಷಿನ್ ಚಕ್ರಾನ ಕೈಯಲ್ಲಿ ತಿರುಗಿಸಿದರೆ ಕೆಳಗೆ ಪೆಡಲ್ ಏನಾಗುತ್ತೆ? ಹಾಂ! ತಾನೇ ಕುಣಿಯುತ್ತೆ. ಟ್ರಾಲಿನೂ ಹಾಗೇ. ಸಮತಟ್ಟಲ್ಲಿ ನಾವು ಹಿಡಿ ಒತ್ತಿ ಚಕ್ರ ತಿರುಗಿಸ್ತೀವಿ. ಇಳಿಜಾರು ಬಂತು ಅಂದ್ರೆ ಚಕ್ರವೇ ಹಿಡಿಯನ್ನ ಕುಣಿಸುತ್ತೆ. ಕುಣಿತ ಅಂದ್ರೆ ಅಂತಿಂಥ ಕುಣಿತ ಅಲ್ಲ, ಕಣ್ಣಿಗೆ ಕಾಣಲ್ಲ, ಭರ್ರ್ ಅಂತ ಬರೀ ಗಾಳಿ. ಆಗ ಅದನ್ನ ಯಾರೂ ಹಿಡ್ಕೊಂಡಿರಬಾರದು. ಹಿಡ್ಕೊಂಡಿದ್ದರೆ ತೋಳು ಕೀಳುತ್ತೆ, ಇಲ್ಲಾ ಮನುಷ್ಯನನ್ನೇ ಎತ್ತಿ ಒಗೆಯುತ್ತೆ. ಅದಕ್ಕೇ ಇಳಿಜಾರು ಶುರುವಾಗೋ ಮೊದಲು ಇಬ್ಬರೂ ಒಟ್ಟಿಗೆ ಕೈ ಬಿಡಬೇಕು. ಬಿಟ್ಟು ಅರ್ಧ ಹೆಜ್ಜೆ ಹಿಂದೆ ನಿಂತು ಟ್ರಾಲಿ ಅಂಚಿನ ಕಂಬಿ ಹಿಡ್ಕೋಬೇಕು. ಆಮೇಲೆ ನಾನು ಕಾಲಲ್ಲಿ ಬ್ರೇಕ್ ತುಳೀತೀನಿ. ಬ್ರೇಕ್ ನನ್ನ ಕಡೆ ಮಾತ್ರ.

'ಯಾಕೆ ನಿನ್ನ ಕಡೆ ಮಾತ್ರ' ಅಂದ್ಯಾ? ಒಳ್ಳೇ ಪ್ರಶ್ನೆ. ನೋಡು, ಇಬ್ಬರೂ ಎದುರುಬದುರು ನಿಲ್ತೀವಿ, ಈಗ ಕೂತಿದ್ದೀವಲ್ಲ ಹಾಗೇ. ಗಾಡಿ ಹೋಗ್ತಿರೋದು ನಿನ್ನ ಬೆನ್ನ ಕಡೆಗೆ. ಅಂದ್ರೆ ಮುಂದಿನ ದಾರಿ ಕಾಣೋದು ನನಗೆ. ಹಿಂದಿನ ದಾರಿ ಕಾಣೋದು ನಿನಗೆ. ಹಿಂದಿನಿಂದ ರೈಲು ಬಂದರೆ ಹೇಳೋನು ಅವನು, ಮುಂದೆ ಏನಿದೆ ಹೇಳೋನು ನಾನು. ನನ್ನ ಬೆನ್ನಿಗೆ ಅವನ ಕಣ್ಣು, ಅವನ ಬೆನ್ನಿಗೆ ನನ್ನ ಕಣ್ಣು. ಒಂದು ಸಲ ಮಂಜಿನಲ್ಲಿ ಗೂಡ್ಸು ಬಂತು ಕಣೇ, ಹೇಳದೆ ಕೇಳದೆ. ನನಗೆ ಸದ್ದೂ ಕೇಳಲಿಲ್ಲ. 'ಇಳಿ!' ಅಂದ. ಅಷ್ಟೇ. ನಾನು ಹಿಂದೆ ತಿರುಗಿ ಕೂಡ ನೋಡಲಿಲ್ಲ, ದುಡುಂ ಅಂತ ಹಾರಿದೆ. ಇಬ್ಬರೂ ಸೇರಿ ಟ್ರಾಲಿನ ಹಳಿಯಿಂದ ಆಚೆಗೆ ಉರುಳಿಸಿದ್ವಿ, ಉರುಳಿಸಿ ಕೈ ಕೊಡವೋಷ್ಟರಲ್ಲಿ ಗೂಡ್ಸು ಧಡಧಡ ಹೋಯ್ತು. ಆಮೇಲೆ ಅವನು ಏನಂದ ಗೊತ್ತಾ? 'ಭಾವಯ್ಯ, ನಿಮ್ಮ ತಂಗಿ ಇವತ್ತು ಬೈಯೋದು ತಪ್ಪಿತು' ಅಂದ. ನೋಡು, ನೋಡು... ಮತ್ತೆ ನಗು ಬಂತು ನಿನಗೆ. ತಡೀಬೇಡ.

ಇಳಿಜಾರಿಗೆ ನಮ್ಮದು ಒಂದೇ ಕೂಗು. ಹಳೇ ಮೇಸ್ತ್ರಿಗಳ ಕಾಲದಿಂದಲೂ ಅದೇ. 'ಕೈ!' ಅಂತ. ಕೂಗೋನು ಮುಂದೆ ನೋಡ್ತಿರೋನು. ಅಂದ್ರೆ ನಾನು. ಇನ್ನೊಬ್ಬನಿಗೆ ಕಾಣಲ್ಲವಲ್ಲ, ಅವನು ಕಿವಿ ಮೇಲೆ ಬದುಕಬೇಕು. ಒಂದೇ ಅಕ್ಷರ, ಉಸಿರು ಬಿಡೋಷ್ಟರಲ್ಲಿ ಮುಗಿದು ಹೋಗುತ್ತೆ. ಒಂದು ಮಾತಿಗೆ ಎಷ್ಟು ಹೊತ್ತು ಬೇಕು ಹೇಳು?

ಹ್ಞೂಂ. ಕೂಗಿದೆ. ಅವನು ಹೋದ ದಿನಾನೂ ಕೂಗಿದೆ. ಅವನು ಹಿಡಿ ಬಿಡಲಿಲ್ಲ. ನಿನಗೆ ಎಷ್ಟು ಸಲ ಹೇಳಿಲ್ಲ ನಾನು. ವಿಚಾರಣೆಯಲ್ಲೂ ಹೇಳಿದೆ, ಅವರೂ ಬರ್ಕೊಂಡರು, ಸ್ವಂತ ಅಜಾಗರೂಕತೆ ಅಂತ ಸಹಿ ಹಾಕಿದರು. ಆಯ್ತಲ್ಲ. ಮುಗಿದ ಕತೆ. ಒತ್ತು, ಒತ್ತು, ನಿಲ್ಲಿಸಬೇಡ, ಲಯ ತಪ್ಪುತ್ತೆ.

ಲಯ ಅಂದ್ರೆ ಅವನದು ಕಣೇ! ಹಳಿ ರಿಪೇರಿ ಗ್ಯಾಂಗಲ್ಲಿ ಎಲ್ಲರೂ ಅವನನ್ನ ಗಡಿಯಾರ ಅಂತಲೇ ಕರೀತಿದ್ದರು. ಬಿಸಿಲಿರಲಿ, ಚಳಿಯಿರಲಿ, ಅದೇ ಒತ್ತು, ಅದೇ ಅಂತರ. ಮನೇಲೂ ಹಾಗೇನಾ? ಏಳೋದು, ಶೇವ್ ಮಾಡೋದು, ಶೂ ಕಟ್ಟೋದು... ಹಾಂ, ನೀನು ಹೇಳ್ತಿದ್ದೆ ಆಗೆಲ್ಲ. ಆಮೇಲೆ ಹೇಳೋದು ಬಿಟ್ಟುಬಿಟ್ಟೆ.

ಏನು ನೋಡ್ತಿದ್ದೀಯ? ನನ್ನ ಹಿಡಿನಾ? ಏನಿದೆ ಅದರಲ್ಲಿ? ...ಸವೆದಿರೋದಾ. ಸವೆಯದೆ ಇನ್ನೇನು, ದಿನಾ ಹಿಡಿದಿದ್ದು. ಬಲಗಡೆ... ಹೌದು, ಬಲಗಡೆ ಅಷ್ಟು ಸವೆದಿಲ್ಲ. ಮರದ ಗುಣ. ಒಂದು ಕಡೆ ಗಂಟಿರುತ್ತೆ, ಒಂದು ಕಡೆ ಮೆತ್ತಗಿರುತ್ತೆ... ಹಾಗೆ ದಿಟ್ಟಿಸಬೇಡ ಮಾರಾಯ್ತಿ, ದರ್ಜಿ ಕಣ್ಣು ನಿಂದು, ನೂಲಿನಷ್ಟು ಸೊಟ್ಟ ಇದ್ದರೂ ಹಿಡೀತೀಯ! ಆಯ್ತು. ಆಯ್ತಪ್ಪಾ. ಭುಜ. ಬಲಭುಜ ಹೋಗಿತ್ತು ನಂದು. ಅವನು ಹೋಗೋಕೆ ಎರಡು ವರ್ಷ ಮೊದಲೇ. ಕೈ ಹಿಡಿ ಮೇಲೆ ಇಡ್ತಿದ್ದೆ, ಒತ್ತೋಕೆ ಆಗ್ತಿರಲಿಲ್ಲ. ಹೇಳಿದರೆ ಟ್ರಾಲಿಯಿಂದ ಇಳಿಸಿ ಗೇಟಲ್ಲಿ ಕೂರಿಸ್ತಿದ್ದರು. ಬಾವುಟ ಹಿಡ್ಕೊಂಡು ಕೂರೋ ಮುದುಕನ ಕೆಲಸ! ಅದಕ್ಕೆ ಯಾರಿಗೂ ಹೇಳಲಿಲ್ಲ.

ಅವನಿಗೆ? ಅವನಿಗೆ ಹೇಳೋದೇನು, ಗೊತ್ತಾಗುತ್ತೆ. ಎದುರಿನ ಹಿಡೀಲಿ ನಿಂತವನಿಗೆ ಮೊದಲ ಒತ್ತಿಗೇ ಗೊತ್ತಾಗುತ್ತೆ, ಇವನು ಒತ್ತುತ್ತಿದ್ದಾನೋ, ಬರೀ ಕೈ ಇಟ್ಕೊಂಡು ಸವಾರಿ ಮಾಡ್ತಿದ್ದಾನೋ ಅಂತ. ಹೊರಗೆ ನಿಂತು ನೋಡೋರಿಗೆ ಏನೂ ಕಾಣಲ್ಲ, ಇಬ್ಬರೂ ಏಳ್ತಾ ಬಗ್ಗುತ್ತಾ ಇರ್ತಾರೆ. ಭಾರ ಮಾತ್ರ ಒಬ್ಬನದು. ಎರಡು ವರ್ಷ ಅವನು ನನ್ನ ಪಾಲೂ ಒತ್ತಿದ ಕಣೇ. ತುಟಿಪಿಟಿಕ್ ಅನ್ನಲಿಲ್ಲ. ನಿನಗೂ ಹೇಳಿರಲಿಲ್ಲವಾ? ಸಂಜೆ ಬಂದು ತೋಳು ನೀವಿಕೊಳ್ತಿದ್ದನಾ? ...ನೀನೇ ಬಿಸಿನೀರು ಕಾಯಿಸಿ ಕೊಡ್ತಿದ್ದೆಯಾ. ಹ್ಞೂಂ. ಅದು ನನ್ನ ದೆಸೆಯಿಂದ.

ಒಂದೇ ಒಂದು ಸಲ ಅವನ ಬಾಯಿ ಜಾರಿತು. ಆ ಮೀಸೆ ಇನ್ಸ್‌ಪೆಕ್ಟರು ಬಂದಿದ್ದ, ಗ್ಯಾಂಗೆಲ್ಲ ಟೀ ಕುಡೀತಾ ನಿಂತಿತ್ತು. 'ಏನಯ್ಯಾ ಗಡಿಯಾರ, ಇಷ್ಟು ಸೊರಗಿದ್ದೀಯ' ಅಂದ ಇನ್ಸ್‌ಪೆಕ್ಟರು. ಇವನು ನಗ್ತಾ ಅಂದ, 'ಏನು ಮಾಡೋದು ಸಾರ್, ಟ್ರಾಲಿ ಜೊತೆ ನಮ್ಮ ಭಾವಯ್ಯನನ್ನೂ ತಳ್ಳಬೇಕಲ್ಲ.' ತಮಾಷೆಗೇ ಅಂದಿದ್ದು. ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯ್ತು! ಅಷ್ಟು ಜನರ ಮುಂದೆ! ತಂಗೀನ ಕೊಟ್ಟಿದ್ದೀನಿ, ಕೆಲಸ ಕಲಿಸಿದ್ದೀನಿ, ನನ್ನ ಬಗ್ಗೆ ಹೀಗೆ... ಟೀ ಲೋಟ ಅಲ್ಲೇ ಚೆಲ್ಲಿ ಎದ್ದು ಹೋದೆ. ಅವತ್ತಿಂದ ಮಾತು ನಿಲ್ಲಿಸಿದೆ. ಬೆಳಿಗ್ಗೆ ಬರೋದು, ಎದುರುಬದುರು ನಿಲ್ಲೋದು, ಒತ್ತೋದು, ಸಂಜೆ ಹೋಗೋದು. ಅವನೂ ಹಠಮಾರಿ, ಬಾಯಿಗೆ ಬೀಗ ಹಾಕ್ಕೊಂಡ. ಎದುರಿಗೆ ಒಂದು ಮಾರು ದೂರದಲ್ಲಿ ಮುಖ, ಕಣ್ಣಿಗೆ ಕಣ್ಣು ಸಿಗದ ಹಾಗೆ ಒಬ್ಬರನ್ನೊಬ್ಬರು ದಾಟಿ ನೋಡೋದು. ಒಂಬತ್ತು ದಿನ, ಒಂದೇ ಒಂದು ಮಾತಿಲ್ಲ...

...ಏನು?

ಇಲ್ಲ ಕಣೇ. ಕೂಗೋದು ಬೇರೆ, ಮಾತಾಡೋದು ಬೇರೆ. ಕೂಗು ಕೆಲಸದ್ದು. ಎಷ್ಟೇ ಸಿಟ್ಟಿರಲಿ ಕೂಗಲೇಬೇಕು... ಕೂಗಿದೆ. ಹೇಳಿದ್ನಲ್ಲ. ಹೋಗಲಿ, ಕೂಗದಿದ್ದರೂ ಅವನಿಗೆ ಗೊತ್ತಾಗ್ತಿತ್ತು! ಆ ದಾರಿ ಅವನ ಅಂಗೈ ಇದ್ದ ಹಾಗೆ. ಇಳಿಜಾರಿಗೆ ಮೊದಲು ಒಂದು ಮೋರಿ ಇತ್ತು, ಹಳ್ಳದ ಮೇಲಿನ ಪುಟ್ಟ ಸೇತುವೆ, ಹಳೇ ಮರದ್ದು. ಅದರ ಮೇಲೆ ಚಕ್ರ ಹತ್ತಿದರೆ ಡಬಡಬ ಅಂತ ಪೊಳ್ಳು ಸದ್ದು ಬರೋದು. ಅಲ್ಲಿಂದ ಸರಿಯಾಗಿ ಆರು ಒತ್ತು. ಆರನೇದಕ್ಕೆ ಕೈ ಬಿಡಬೇಕು. ಅವನು ಗಡಿಯಾರ ತಾನೆ, ಎಣಿಸ್ತಿದ್ದ ಮನಸ್ಸಲ್ಲೇ. ನನ್ನ ಕೂಗು ಬರೀ ಹೆಸರಿಗೆ.

ಅದನ್ನೂ ಆಡಿ ತೋರಿಸಬೇಕಾ? ಬೇಡ ಬಿಡೇ, ಸಾಕು, ಊಟಕ್ಕೆ ಹೊತ್ತಾಯ್ತು. ನನ್ನ ಭುಜ ಬೇರೆ... ಒತ್ತುತ್ತಲೇ ಇದ್ದೀಯಲ್ಲ! ನಿಧಾನ, ಹಲಗೆ ಜಾರುತ್ತೆ. ಸರಿ. ಸರಿ, ಒಂದೇ ಸಲ. ಮೋರಿ ಬಂತು ಅಂತಿಟ್ಕೋ. ಡಬಡಬ... ಒಂದು. ಎರಡು. ಮೂರು. ನೋಡು, ಈಗ ನನಗೆ ಮುಂದೆ ಹಳಿ ಕೆಳಕ್ಕೆ ಬಾಗಿರೋದು ಕಾಣ್ತಿದೆ. ನಾಲ್ಕು. ನಿನಗೆ ಕಾಣಲ್ಲ, ನಿನಗೆ ನನ್ನ ಮುಖ ಮಾತ್ರ ಕಾಣುತ್ತೆ. ಐದು. ಈಗ ನಾನು ಬಾಯಿ ತೆಗೀತೀನಿ... ಆರು...

...

ಕೈ ತೆಗೆ ಅಲ್ಲಿಂದ. ತೆಗೆಯೇ. ಆರು ಆಯ್ತಲ್ಲ. ಯಾಕೆ ಹಿಡ್ಕೊಂಡೇ ಇದ್ದೀಯ?

ನಾನು ಕೂಗೋ ತನಕ ಬಿಡಲ್ವಾ?

ಹುಚ್ಚಿ. ಇದು ಅಡುಗೆಮನೆ ಕಣೇ, ಇಳಿಜಾರಲ್ಲ. ಬಿಡು. ಹಾಗೆ ನೋಡಬೇಡ ನನ್ನ, ಬೇಡ. ಹೇಳ್ತೀನಿ ತಡಿ. ಒಂದಕ್ಷರ ತಾನೆ. ಹೇಳ್ತೀನಿ... ಆಗಲೇ ಹೇಳಿದ್ನಲ್ಲ, ಕತೆ ಹೇಳೋವಾಗ ಹೇಳಿದೆ, ಕೇಳಿಸ್ಕೊಂಡೆಯಲ್ಲ. ಹಿಡಿ ಹಿಡ್ಕೊಂಡು ಹೇಳೋಕೆ... ನನ್ನ ಕೈಲಿ ಆಗ್ತಿಲ್ಲ ಕಣೇ. ಆಗ್ತಿಲ್ಲ. ದಮ್ಮಯ್ಯ, ಕೈ ತೆಗೆದುಬಿಡು. ಅವನೂ ಹೀಗೇ... ಹೀಗೇ ಗಟ್ಟಿಯಾಗಿ ಹಿಡ್ಕೊಂಡಿದ್ದ.

ಮೋರಿ ಸದ್ದು ಮಾಡಲಿಲ್ಲ ಕಣೇ. ಹಿಂದಿನ ಭಾನುವಾರ ಬೇರೆ ಗ್ಯಾಂಗಿನೋರು ಬಂದು ಹಳೇ ಮರ ಕಿತ್ತು ಕಾಂಕ್ರೀಟ್ ಹಾಕಿ ಹೋಗಿದ್ದರು. ಅವತ್ತೇ ನಾವು ಅದರ ಮೇಲೆ ಮೊದಲು ಹೋಗಿದ್ದು. ಸದ್ದೇ ಇಲ್ಲ, ನುಣ್ಣಗೆ ದಾಟಿಬಿಟ್ಟಿತು. ಅವನು ಇನ್ನೂ ಮೋರಿ ಬಂದಿಲ್ಲ ಅಂದ್ಕೊಂಡೇ ಒತ್ತುತ್ತಿದ್ದ. ನನಗೆ ಕಾಣ್ತಿತ್ತು. ಬೆಳ್ಳಗೆ ಹೊಸ ಕಾಂಕ್ರೀಟು, ಆಮೇಲೆ ಬಾಗಿದ ಹಳಿ, ಎಲ್ಲ ಕಾಣ್ತಿತ್ತು. ಅವನಿಗೆ ಗೊತ್ತಿಲ್ಲ ಅನ್ನೋದೂ ಕಾಣ್ತಿತ್ತು. ಒಂದು... ಎರಡು... ನಾನು ಎಣಿಸಿದೆ ಕಣೇ. ಆರೂ ಎಣಿಸಿದೆ.

ಸಾಯಲಿ ಅಂತಲ್ಲ! ಅಯ್ಯೋ, ಅದೊಂದು ಅನ್ಕೋಬೇಡ, ನಿನ್ನ ಕಾಲಿಗೆ ಬೀಳ್ತೀನಿ! ಹಿಡಿ ಒಂದು ಸಲ ಜೋರಾಗಿ ಮೇಲೆದ್ದು ಕೈಗೆ ಹೊಡೀಲಿ, ಉರೀಲಿ, ಆಗ ಬಾಯಿ ಬಿಟ್ಟು 'ಯಾಕೆ ಭಾವಯ್ಯ ಕೂಗಲಿಲ್ಲ' ಅಂತ ಕೇಳ್ತಾನೆ ಅಂತ. ಅವನೇ ಮೊದಲು ಮಾತಾಡಲಿ ಅಂತ. ಅಷ್ಟೇ ಕಣೇ ನನಗೆ ಬೇಕಿದ್ದಿದ್ದು. ಒಂಬತ್ತು ದಿನ ಆಗಿತ್ತು. ನನಗೂ ಸಾಕಾಗಿತ್ತು, ಅವನ ಜೊತೆ ಮಾತಾಡದೆ ನನಗೆ ಅನ್ನ ಇಳೀತಿರಲಿಲ್ಲ. ನಾನು ಮೊದಲು ಆಡೋಕೆ ಮನಸ್ಸು ಒಪ್ಪಲಿಲ್ಲ.

ಹಿಡಿ ಅವನನ್ನ ಎತ್ತಿತು. ಗದ್ದಕ್ಕೆ ಹೊಡೆದು ಹಿಂದಕ್ಕೆ ಒಗೆಯಿತು. ಅವನ ಹಿಂದೆ ಅಂದ್ರೆ ಗಾಡಿ ಮುಂದೆ, ಹಳಿ ಮೇಲೆ. ಬ್ರೇಕ್ ತುಳಿದೆ, ಎರಡೂ ಕಾಲಲ್ಲಿ ತುಳಿದೆ, ಏನು ಬಂತು. ನಿಂತ ಮೇಲೆ ಓಡಿಹೋಗಿ ಎಷ್ಟು ಕೂಗಿದೆ ಗೊತ್ತಾ ನಾನು! ಹೆಸರು ಹಿಡಿದು ಕೂಗಿದೆ. ಆಗ ಎಲ್ಲ ಮಾತೂ ಬಂತು ಬಾಯಿಗೆ.

ವಿಚಾರಣೆಯಲ್ಲಿ ಅದೇ ಇನ್ಸ್‌ಪೆಕ್ಟರು ಕೇಳಿದ. 'ನೀನು ಕೂಗಿದೆ ತಾನೆ?' ಅಂದ. ಕೇಳೋವಾಗಲೇ ಉತ್ತರ ಕೊಟ್ಟಿದ್ದ. ನಾನು ತಲೆ ಆಡಿಸಿದೆ. ಇಲ್ಲ ಅಂದಿದ್ದರೆ ನಿನ್ನನ್ನು ಯಾರು ನೋಡ್ಕೊಳ್ತಿದ್ದರು, ನಿನ್ನ ಮಗಳನ್ನ ಯಾರು... ಅಲ್ಲ. ಸುಳ್ಳು. ಅದೂ ಸುಳ್ಳು. ಹೆದರಿಕೆ ಕಣೇ, ಬರೀ ಹೆದರಿಕೆ. ಆಮೇಲೆ ಮನೆಗೆ ಬಂದರೆ ನೀನು ಅಂದೆ, 'ಬಿಡು ಅಂದಾಗ ಬಿಡೋಕೆ ಅವರಿಗೇನು ದಾಡಿಯಾಗಿತ್ತು' ಅಂತ. ಬಾಗಿಲಲ್ಲೇ ನಿಂತು ಅಂದೆ. ಅದಕ್ಕೂ ನಾನು ತಲೆ ಆಡಿಸಿದೆ. ಅವನ ಫೋಟೋ ಗೋಡೆಯಿಂದ ಇಳಿಸಿದೆಯಲ್ಲ, ಮೊಳೆ ಕಿತ್ತು ಕೊಟ್ಟಿದ್ದೇ ನಾನು. ಮಗಳಿಗೂ ನೀನು ಹೇಳಿ ಬೆಳೆಸಿದೆ, ನಿಮ್ಮಪ್ಪ ಹೇಳಿದ ಮಾತು ಕೇಳದೆ ಸತ್ತ ಅಂತ. ಈ ಮೇಜಲ್ಲೇ ಕೂತು ಊಟ ಮಾಡ್ತಾ ನಾನು ಕೇಳಿಸ್ಕೊಳ್ತಿದ್ದೆ. ಹನ್ನೊಂದು ವರ್ಷ ದಿನಾ ಬಡಿಸಿದೆ ನೀನು. ಅಣ್ಣ ಇಲ್ಲದಿದ್ದರೆ ನನ್ನ ಗತಿ ಏನಾಗ್ತಿತ್ತು ಅಂತ ನೆರೆಯವರ ಹತ್ತಿರ ಹೇಳ್ತಿದ್ದೆ. ಅದನ್ನೂ ಕೇಳಿಸ್ಕೊಂಡೆ.

ಬಿಟ್ಟೆಯಾ... ಬಿಡು, ಬಿಟ್ಟಿದ್ದು ಒಳ್ಳೇದಾಯ್ತು. ಕೈ ನೋಯುತ್ತಾ? ಕೆಂಪಗಾಗಿದೆಯಲ್ಲ. ಬೈಯೇ. ಎತ್ತಿ ಹೊಡಿ, ಆ ಹಿಡಿ ತಗೊಂಡೇ ಹೊಡಿ, ಬೇಡ ಅನ್ನಲ್ಲ. ಹಲಗೆ ಯಾಕೆ ಇಳಿಸ್ತಿದ್ದೀಯ? ನಾನು ಎತ್ತಿಡ್ತೀನಿ ತಡಿ. ಪೆಟ್ಟಿಗೆ ಬೀಗ ಬಿಗಿ ಇರುತ್ತೆ, ಕೊಡಿಲ್ಲಿ ನಾನು... ಆಯ್ತು. ಮುಟ್ಟಲ್ಲ. ಮುಟ್ಟಲ್ಲಮ್ಮ.

ಎಷ್ಟು ಒಳಗೆ ಇಟ್ಟಿದ್ದೀಯ. ಕಂಬಳಿ ಕೆಳಗೆ... ಅದರ ಕೆಳಗೂ... ಹಾಂ, ಅದೇ. ಒಡೆದಿಲ್ಲ. ಒಡೆಯಲ್ಲ ಅಂದೆ ತಾನೆ ನಾನು. ಗಾಜಿನ ಮೇಲೆ ಧೂಳಿಲ್ಲ, ಆದರೂ ಒರೆಸ್ತಿದ್ದೀಯ. ಅಂಗೈಯಲ್ಲಿ ಒರೆಸಬೇಡ, ಮೂಲೆ ಒಡೆದಿದ್ದರೆ ಚುಚ್ಚುತ್ತೆ... ಅತ್ತುಬಿಡೇ. ಒಂದು ಸಲ ಅತ್ತುಬಿಡು ಅವನಿಗೆ. ಅವತ್ತೂ ನಾನು ಅಳೋಕೆ ಬಿಡಲಿಲ್ಲ ನಿನ್ನ.

ಎಲ್ಲಿಗೆ ತಗೊಂಡು ಹೋಗ್ತಿದ್ದೀಯ? ಮೊಳೆ ಇಲ್ಲ ಗೋಡೇಲಿ, ಹೊಡೆದು ಕೊಡಲಾ... ಓ. ಮೇಜಿಗಾ. ಅಲ್ಲಿ... ಅದು ನನ್ನ ಜಾಗ ಕಣೇ. ನನ್ನ ತಟ್ಟೆ ಇದೆ ಅಲ್ಲಿ... ತೆಗೆದೆಯಾ. ತೆಗಿ. ಅದು ಮೊದಲು ಅವನದೇ ಜಾಗ, ಹೌದು. ನಾನು ಗೋಡೆ ಪಕ್ಕ ಕೂರ್ತೀನಿ ಬೇಕಾದ್ರೆ. ಹೊರಗೆ ಮೆಟ್ಟಿಲ ಮೇಲೆ ಕೂರ್ತೀನಿ, ಅಲ್ಲಿಗೇ ಕೊಟ್ಟುಬಿಡು. ಊಟ ಬೇಡ ಬಿಡು, ನೀರು ಕೊಡು ಸಾಕು. ಕೇಳಿಸ್ತಾ? ಈ ಕಡೆ ತಿರುಗಿ ನೋಡೇ ಒಂದು ಸಲ. ಫೋಟೋ ಎದುರಿಗೆ ಕೂತುಬಿಟ್ಟೆಯಲ್ಲ, ನನಗೆ ಬರೀ ನಿನ್ನ ಬೆನ್ನು ಕಾಣುತ್ತೆ.

ಸರಿ. ಹೋಗ್ತೀನಿ. ಹಿಡಿ ಇಲ್ಲೇ ಇರಲಿ, ಎರಡೂ. ನನ್ನದನ್ನ ಒಲೆಗೆ ಹಾಕ್ಕೋ. ಹೋಗ್ತೀನಿ ಕಣೇ, ಬಾಗಿಲ ಹತ್ತಿರ ಬಂದೆ ನೋಡು. 'ಹೋಗು' ಅಂತಾದರೂ ಅನ್ನು. 'ಇನ್ನು ಬರಬೇಡ' ಅನ್ನು, 'ಹಾಳಾಗಿ ಹೋಗು' ಅನ್ನು, ಏನಾದರೂ ಸರಿ. ಹೀಗೆ ಸುಮ್ಮನೆ ಕೂರಬೇಡ. ನಿನ್ನ ಬಾಯಿಂದ ಒಂದು ಬಂದರೆ ಸಾಕು, ನಾನು ಮೆಟ್ಟಿಲಿಳಿದು ಹೋಗಿಬಿಡ್ತೀನಿ. ಒಂದೇ ಮಾತು ತಾಯಿ... ಒಂದು ಮಾತಿಗೆ ಎಷ್ಟು ಹೊತ್ತು ಬೇಕು?